ಸಭೆಯವರ ಜೊತೆ ಎರಡು ರಾತ್ರಿ ಟೆಂಟ್ ಕ್ಯಾಂಪ್: ಕೂಟ ಎಷ್ಟಿರಬೇಕು, ಬಿಡುವು ಎಷ್ಟಿರಬೇಕು?

ಸಂಡೇಸ್ಕೂಲ್ ಟೀಚರ್:

ಎಲ್ಲರಿಗೂ ನಮಸ್ಕಾರ. ಚರ್ಚ್ ಸಭೆಯವರನ್ನು ಕಟ್ಟಿಕೊಂಡು ಕ್ಯಾಂಪಿಗೆ ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಸ್ವಲ್ಪ ಹೇಳಿ.

ಇಷ್ಟು ವರ್ಷ ನಮ್ಮಲ್ಲಿ ರಿಟ್ರೀಟ್ ಅಂತ ನಡೆದದ್ದೆಲ್ಲ ಹಾಲ್ ಒಳಗೇ. ಪ್ಲಾಸ್ಟಿಕ್ ಕುರ್ಚಿ, ಮೈಕು, ಊಟದ ಸಾಲು, ಮತ್ತೆ ಅದೇ ಕುರ್ಚಿ. ಈ ಸಲ ಟೆಂಟ್ ಹಾಕಿ ಹೊರಗೇ ಇರೋಣ ಅಂತ ತೀರ್ಮಾನ ಆಗಿದೆ. ಶುಕ್ರವಾರ ಸಂಜೆ ಹೋಗಿ ಭಾನುವಾರ ಮಧ್ಯಾಹ್ನ ವಾಪಸ್. ಸುಮಾರು ಮೂವತ್ತೈದು ಜನ. ಕೈಗೂಸಿನಿಂದ ಹಿಡಿದು ಎಪ್ಪತ್ತು ದಾಟಿದವರ ತನಕ ಎಲ್ಲ ವಯಸ್ಸಿನವರೂ ಇದ್ದಾರೆ. ಹೊಳೆ ಪಕ್ಕದ ಬಯಲು, ಒಂದು ಕಡೆ ಮರಗಳು, ಕುಡಿಯೋಕೆ ಒಂದು ನಲ್ಲಿ, ಎರಡು ಪಾಯಿಖಾನೆ. ಕರೆಂಟ್ ಇಲ್ಲ. ಮೀಟಿಂಗಲ್ಲಿ "ಒಳ್ಳೇ ಐಡಿಯಾ" ಅಂತ ಜೋರಾಗಿ ಹೇಳಿದವಳು ನಾನೊಬ್ಬಳೇ ಆದ್ದರಿಂದ ಜವಾಬ್ದಾರಿಯೂ ನನ್ನ ತಲೆಗೇ ಬಂತು.

ಕಮಿಟಿಯವರು ಟೈಮ್‌ಟೇಬಲ್ ಕಳಿಸಿದ್ದಾರೆ. ಬೆಳಿಗ್ಗೆ 5:30ಕ್ಕೆ ಗಂಟೆ, 6ಕ್ಕೆ ಪ್ರಾರ್ಥನೆ, ತಿಂಡಿಗೆ ಮುಂಚೆ ಒಂದು ಬೈಬಲ್ ಸ್ಟಡಿ, ತಿಂಡಿ ಆದಮೇಲೆ ಇನ್ನೊಂದು, ಆಮೇಲೆ ಗುಂಪು ಚರ್ಚೆ, ಊಟ, ಉಪದೇಶ, ಮತ್ತೆ ಗುಂಪು ಚರ್ಚೆ, ರಾತ್ರಿ ಬೆಂಕಿ ಸುತ್ತ ಸಾಕ್ಷಿ, ಅಂದರೆ ದೇವರು ತಮ್ಮ ಬಾಳಲ್ಲಿ ಏನು ಮಾಡಿದ ಅಂತ ಒಬ್ಬೊಬ್ಬರೂ ಹೇಳೋದು. ನಡುವೆ ಒಂದು ಸಾಲು: "4:15ರಿಂದ 4:45: ಉಲ್ಲಾಸದ ಸಮಯ". ಪೋಸ್ಟರ್ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಿರೋದು "ದಣಿದವರಿಗೆ ವಿಶ್ರಾಂತಿ". ನನಗೆ ನಗು ತಡೆಯೋಕೆ ಆಗಲಿಲ್ಲ. ಆದರೆ ಇದನ್ನು ಎದುರಿಗೆ ಹೇಳೋದು ಹೇಗೆ?

ಇನ್ನೊಂದೆರಡು ವಿಷಯ. ನಮ್ಮ ಅಕ್ಕ ಒಬ್ಬರ ಯಜಮಾನರು ಸಭೆಗೆ ಬರೋದಿಲ್ಲ, ಆದರೆ "ಟೆಂಟ್ ಅಂದರೆ ಬರ್ತೀನಿ" ಅಂದಿದ್ದಾರೆ. ಅವರು ಬೋನಿಗೆ ಬಿದ್ದ ಹಾಗೆ ಒದ್ದಾಡಬಾರದು. ವಯಸ್ಸಾದವರು ನೆಲದ ಮೇಲೆ ಹೇಗೆ ಮಲಗ್ತಾರೆ? ಹುಡುಗರ ಫೋನ್ ಏನು ಮಾಡೋದು? ಮಳೆ ಬಂದರೆ?

ಗೂಟ ಬಡಿಯೋನು:

ಟೀಚರಮ್ಮ, ಟೈಮ್‌ಟೇಬಲ್ ಓದಿದೆ. ಬರೆದವರು ಇದುವರೆಗೆ ಟೆಂಟಲ್ಲಿ ಮಲಗಿ ಎದ್ದಿಲ್ಲ, ಇಷ್ಟು ಖಂಡಿತ.

ನಮ್ಮ ಸಭೆಯಲ್ಲಿ ನಾನು ಉಪದೇಶ ಮಾಡೋನಲ್ಲ, ಹಾಡೋನೂ ಅಲ್ಲ. ಗೂಟ ಬಡಿಯೋದು, ಹಗ್ಗ ಬಿಗಿಯೋದು, ಪಾಯಿಖಾನೆ ಡ್ರಮ್ಮಿಗೆ ನೀರು ತುಂಬಿಸೋದು ನನ್ನ ಕೆಲಸ. ಹೀಗಾಗಿ ಯಾರು ಎಷ್ಟು ಹೊತ್ತಿಗೆ ಎದ್ದರು, ಯಾರ ಪಕ್ಕ ಯಾರು ಕೂತು ಮಾತಾಡಿದರು, ಮಧ್ಯಾಹ್ನ ಮರದ ಕೆಳಗೆ ಮುಖಕ್ಕೆ ಟವಲ್ ಹಾಕಿಕೊಂಡು ಮಲಗಿದವರಲ್ಲಿ ಯಾರು ನಿಜವಾಗಿ ನಿದ್ದೆ ಮಾಡ್ತಿದ್ದರು, ಯಾರು ಅಳ್ತಿದ್ದರು, ಇವೆಲ್ಲ ಮೈಕ್ ಹಿಡಿದವರಿಗಿಂತ ನನಗೇ ಚೆನ್ನಾಗಿ ಕಾಣುತ್ತೆ. ಅಲ್ಲಿ ನಿಂತು ಕಂಡಿದ್ದನ್ನು ಹೇಳ್ತೀನಿ: ಶನಿವಾರ ಪೂರ್ತಿ ಎರಡೇ ಕೂಟ ಇಡಿ. ತಿಂಡಿ ಆದಮೇಲೆ ಒಂದು, ರಾತ್ರಿ ಬೆಂಕಿ ಸುತ್ತ ಒಂದು. ನಡುವಿನದೆಲ್ಲ ಖಾಲಿ. ಸುಮ್ಮನೆ ಬಿಟ್ಟರೆ ಸಾಲದು, "12ರಿಂದ 5: ಏನೂ ಇಲ್ಲ" ಅಂತ ಕಾಗದದ ಮೇಲೇ ಬರೆಯಿರಿ. ಬರೆಯದೆ ಬಿಟ್ಟರೆ ಯಾರೋ ಒಬ್ಬ ಉತ್ಸಾಹಿ ಅಲ್ಲಿಗೆ ಕ್ವಿಜ್ ತಂದು ಕೂರಿಸ್ತಾನೆ. ಪ್ರತಿ ಸಭೆಯಲ್ಲೂ ಅಂಥವನೊಬ್ಬ ಇರ್ತಾನೆ, ನಮ್ಮಲ್ಲಿ ಇಬ್ಬರಿದ್ದಾರೆ.

ಕಮಿಟಿಗೆ ಹೇಳೋದು ಹೇಗೆ ಅಂದಿರಿ. ಬೈಬಲಲ್ಲಿ ಪ್ರವಾದಿ ಎಲೀಯನ ಕಥೆ ತೆಗೆಯಿರಿ, ಅರಸುಗಳು ಮೊದಲನೆಯ ಪುಸ್ತಕ, 19ನೇ ಅಧ್ಯಾಯ. ಸಾಕಾಗಿ ಹೋಯ್ತು, ಸತ್ತರೆ ಸಾಕು ಅಂತ ಗಿಡದ ಕೆಳಗೆ ಬಿದ್ದುಕೊಂಡವನಿಗೆ ದೇವದೂತ ಬಂದು ಏನು ಮಾಡಿದ? ಉಪದೇಶ ಮಾಡಲಿಲ್ಲ. ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗೋಕೆ ಬಿಟ್ಟ. ಎರಡನೇ ಸಲ ಎಬ್ಬಿಸಿ ಮತ್ತೆ ಊಟ. ಹೋರೇಬ್ ಬೆಟ್ಟ, ಗಾಳಿ, ಭೂಕಂಪ, ಬೆಂಕಿ, ಕೊನೆಗೆ ದೇವರ ಆ ಸಣ್ಣ ದನಿ, ಎಲ್ಲ ಅದಾದ ಮೇಲೆ. ಹೊಟ್ಟೆ ತುಂಬಿ ನಿದ್ದೆ ಆದಮೇಲೆ. ಬೆಳಿಗ್ಗೆ 5:30ಕ್ಕೆ ಗಂಟೆ ಬಾರಿಸಬೇಕು ಅನ್ನೋರು ಇದಕ್ಕೆ ಏನು ಹೇಳ್ತಾರೋ ಕೇಳಿ ನೋಡಿ.

ಗಂಟೆ ಯಾಕೆ ಬೇಡ ಅಂದರೆ, ಶುಕ್ರವಾರ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬರೋದಿಲ್ಲ. ಹೊಸ ಜಾಗ, ನೆಲ ಗಟ್ಟಿ, ಹೊಳೆ ಸದ್ದು, ಪಕ್ಕದ ಟೆಂಟಿನ ಗುಸುಗುಸು. ಶನಿವಾರ ಬೆಳಿಗ್ಗೆ ಎಷ್ಟು ಹೊತ್ತಿಗೆ ಎಚ್ಚರ ಆಗುತ್ತೋ ಆಗಲಿ ಅಂತ ಬಿಟ್ಟುಬಿಡಿ. ಬೆಳಕೇ ಎಬ್ಬಿಸುತ್ತೆ. ಇದು ಬರೀ ನನ್ನ ಮಾತಲ್ಲ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಕೆನೆತ್ ರೈಟ್ ಅನ್ನೋ ವಿಜ್ಞಾನಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 2013ರ ಅಧ್ಯಯನದಲ್ಲಿ ಕೆಲವರನ್ನು ಒಂದು ವಾರ ಟಾರ್ಚ್ ಕೂಡ ಇಲ್ಲದೆ ಕ್ಯಾಂಪಿಗೆ ಕಳಿಸಿದರು. ರಾತ್ರಿ ಆಯ್ತು ಅಂತ ಮೈಗೆ ತಿಳಿಸೋ ಮೆಲಟೋನಿನ್ ಹಾರ್ಮೋನು ಏರೋ ಹೊತ್ತು ಸುಮಾರು ಎರಡು ಗಂಟೆ ಹಿಂದಕ್ಕೆ ಬಂತು, ಅಂದರೆ ಬೇಗ ನಿದ್ದೆ, ಬೇಗ ಎಚ್ಚರ. 2017ರಲ್ಲಿ ಬರೀ ಒಂದು ವಾರಾಂತ್ಯ ಕಳಿಸಿ ನೋಡಿದಾಗಲೂ ಅದು 1.4 ಗಂಟೆ ಹಿಂದಕ್ಕೆ ಬಂದಿತ್ತು. ನಿಮ್ಮದೂ ವಾರಾಂತ್ಯವೇ. ಆದರೆ ರಾತ್ರಿ ಹತ್ತೂವರೆ ತನಕ ಜನರೇಟರ್ ಹಾಕಿ, ಬಿಳಿ ದೀಪ ಉರಿಸಿ, ಸ್ಪೀಕರಲ್ಲಿ ಹಾಡು ಹಾಕಿದರೆ ಈ ಲಾಭ ಸಿಗೋದಿಲ್ಲ. ಜನರೇಟರ್ ತರಬೇಡಿ ಅನ್ನೋದೇ ನನ್ನ ಸಲಹೆ. ಮೈಕ್ ಇಲ್ಲದೆ ಮೂವತ್ತೈದು ಜನಕ್ಕೆ ಕೇಳೋ ಹಾಗೆ ಮಾತಾಡೋಕೆ ಬರದ ಉಪದೇಶಕರು ಇದ್ದರೆ ಅವರಿಗೂ ವಿಶ್ರಾಂತಿ ಕೊಡಿ.

ಖಾಲಿ ಹೊತ್ತಲ್ಲಿ ಜನ ಏನು ಮಾಡ್ತಾರೆ ಅಂತ ಹೆದರಬೇಡಿ. ಟೆಂಟ್ ಹಾಕಿದ ಮೇಲೆ ಕೆಲಸ ತಾನಾಗಿ ಹುಟ್ಟುತ್ತೆ. ಹಗ್ಗ ಸಡಿಲ ಆಗಿರುತ್ತೆ, ಸೌದೆ ಬೇಕಾಗುತ್ತೆ, ಬಟ್ಟೆ ಒಣಗಿಸಬೇಕು. ನಮ್ಮಲ್ಲಿ ಕಟ್ಟಡದ ವಿಚಾರಕ್ಕೆ ಮಾತು ಬಿಟ್ಟಿದ್ದ ಇಬ್ಬರು ಹಿರಿಯರಿದ್ದರು. ಎಷ್ಟು ಪ್ರಾರ್ಥನೆ ಮಾಡಿಸಿದರೂ, ಕೈ ಕುಲುಕಿಸಿದರೂ ಊಹೂಂ. ಕ್ಯಾಂಪಲ್ಲಿ ಒಂದು ಮಧ್ಯಾಹ್ನ ದಿಢೀರ್ ಗಾಳಿ ಎದ್ದು ಅಡುಗೆ ಜಾಗದ ಟಾರ್ಪಾಲು ಹಾರಿತು. ಒಬ್ಬರು ಒಂದು ತುದಿ ಹಿಡಿದರು, ಇನ್ನೊಬ್ಬರು ಇನ್ನೊಂದು ತುದಿ. "ಬಿಡಬೇಡ, ಬಿಡಬೇಡ, ಆ ಕಡೆ ಎಳಿ!" ಇಷ್ಟು ವರ್ಷದ ಮೇಲೆ ಅವರಿಬ್ಬರ ಮೊದಲ ಮಾತು ಅದೇ. ಬಹುವಚನ ಕೂಡ ಹಾರಿಹೋಗಿತ್ತು. ಆಮೇಲೆ ಇಬ್ಬರೂ ಉಸಿರು ಬಿಡ್ತಾ ಒಂದೇ ಕಲ್ಲಿನ ಮೇಲೆ ಕೂತರು. ಇಂಥದ್ದನ್ನು ಟೈಮ್‌ಟೇಬಲ್ಲಲ್ಲಿ ಬರೆಯೋಕೆ ಆಗಲ್ಲ, ಆದರೆ ಟೈಮ್‌ಟೇಬಲ್ ತುಂಬಿದ್ದರೆ ಇದು ಆಗೋದೂ ಇಲ್ಲ.

ಈಗ ಗೂಟದ ವಿಚಾರ.

ವಯಸ್ಸಾದವರಿಗೆ ಹೊದಿಕೆಗಿಂತ ಹಾಸಿಗೆ ಮುಖ್ಯ. ಚಳಿ ಮೇಲಿನಿಂದಲ್ಲ, ನೆಲದಿಂದ ಏರುತ್ತೆ. ಎಷ್ಟು ದಪ್ಪ ರಗ್ಗು ಹಾಸಿದರೂ ಮೈಭಾರಕ್ಕೆ ಅಮುಕಿ ಅದರೊಳಗಿನ ಗಾಳಿ ಹೋಗಿಬಿಡುತ್ತೆ, ಬೆಚ್ಚಗಿಡೋದೇ ಆ ಗಾಳಿ. ಅದಕ್ಕೆ ಅಮುಕದ ಫೋಮ್ ಮ್ಯಾಟ್ ಬೇಕು, ಒಬ್ಬೊಬ್ಬರಿಗೆ ಎರಡು ಹಾಕಿದರೂ ತಪ್ಪಿಲ್ಲ. ಮೊಣಕಾಲು ನೋವಿನವರಿಗೆ ನೆಲದಿಂದ ಏಳೋದೇ ಕಷ್ಟ, ಅವರಿಗೆ ಮಡಚೋ ಮಂಚ, ಎದ್ದು ನಿಲ್ಲುವಷ್ಟು ಎತ್ತರದ ಟೆಂಟು, ಪಾಯಿಖಾನೆಗೆ ಹತ್ತಿರದ ಜಾಗ.

"ನಾಲ್ಕು ಜನರ ಟೆಂಟ್" ಅಂತ ಬರೆದಿದ್ದರೆ ಅದರಲ್ಲಿ ನಾಲ್ಕು ಜನ ಮಲಗಬಹುದು ನಿಜ, ಚೀಲ ಮಾತ್ರ ಹೊರಗೆ. ಎರಡು ಅಥವಾ ಮೂರು ಜನ ಅಂತ ಲೆಕ್ಕ ಹಾಕಿ. ಕಿಟಕಿ ಪೂರ್ತಿ ಮುಚ್ಚಬೇಡಿ. ಮುಚ್ಚಿದರೆ ಉಸಿರಿನ ಆವಿ ತಣ್ಣಗಿನ ಬಟ್ಟೆಗೆ ತಗುಲಿ ನೀರಾಗುತ್ತೆ, ಬೆಳಿಗ್ಗೆ ಎದ್ದು "ಟೆಂಟ್ ಸೋರ್ತಿದೆ" ಅಂತ ಗಲಾಟೆ. ಕೆಳಗೆ ಹಾಸೋ ಪ್ಲಾಸ್ಟಿಕ್ ಶೀಟು ಟೆಂಟಿಗಿಂತ ಹೊರಗೆ ಚಾಚಿರಬಾರದು. ಚಾಚಿದರೆ ಮಳೆ ನೀರನ್ನು ಹಿಡಿದು ಅದೇ ನಿಮ್ಮ ಬೆನ್ನಡಿಗೆ ಕಳಿಸುತ್ತೆ. ಟೆಂಟ್ ಹಾಕೋ ಮುಂಚೆ ತಲೆ ಎತ್ತಿ ನೋಡಿ, ಒಣಗಿದ ಕೊಂಬೆ ಇದ್ದರೆ ಅದರ ಕೆಳಗೆ ಬೇಡ. ಹೊಳೆ ದಂಡೆಗೆ ಅಂಟಿಕೊಂಡು ಹಾಕೋದೂ ಬೇಡ. ಮೇಲೆಲ್ಲೋ ಮಳೆ ಸುರಿದರೆ ನಿಮ್ಮ ತಲೆ ಮೇಲೆ ಒಂದು ಹನಿ ಬೀಳದಿದ್ದರೂ ನೀರು ಏರಬಹುದು. ಪಾತ್ರೆ ತೊಳೆಯೋದು, ಸೋಪು ಹಚ್ಚೋದು ಹೊಳೆಯಿಂದ 60 ಮೀಟರಾದರೂ ದೂರ ಇರಲಿ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿ ದನಿ ಮಾಡ್ತೀನಿ. ಚಳಿ ಅಂತ ಕೆಂಡದ ಬಾಣಲೆ, ಸ್ಟೌವ್, ಏನೇ ಇರಲಿ, ಉರಿಯೋದನ್ನು ಟೆಂಟ್ ಒಳಗೆ ಒಯ್ಯಬಾರದು. ಆರಿದ ಹಾಗೆ ಕಾಣೋ ಕೆಂಡವೂ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳೋದೇ ಇಲ್ಲ. ಇದನ್ನು ಶುಕ್ರವಾರ ರಾತ್ರಿ ಎಲ್ಲರನ್ನೂ ಸೇರಿಸಿ ಹೇಳಿ. ಪ್ರಾರ್ಥನೆಗೂ ಮುಂಚೆ ಹೇಳಿದರೆ ದೇವರು ಬೇಜಾರು ಮಾಡಿಕೊಳ್ಳೋದಿಲ್ಲ.

ಗೊರಕೆ ರಾಜ:

ಗೊರಕೆ ಹೊಡೆಯೋರಿಗೆ ಬೇರೆ ಟೆಂಟು, ಐವತ್ತು ಹೆಜ್ಜೆ ದೂರ. ಹೆಸರು ಹೇಳಿಸಿಕೊಳ್ಳೋ ಮುಂಚೆ ನಾವೇ ಕೈ ಎತ್ತಿದೆವು. ನಮ್ಮ ಟೆಂಟಿಗೆ ಪಾಸ್ಟರೂ ಬಂದರು. ಅವರನ್ನು ಅಷ್ಟು ಹತ್ತಿರದಿಂದ ಕೇಳಿಸಿಕೊಂಡದ್ದು ಅದೇ ಮೊದಲು.

ಅವಳಿಗಳ ಅಮ್ಮ:

ಗೂಟದ ಅಣ್ಣಾ, ಎಲ್ಲ ಚೆನ್ನಾಗಿ ಬರೆದಿದ್ದೀರಿ. ಒಂದು ಪ್ರಶ್ನೆ. "12ರಿಂದ 5: ಏನೂ ಇಲ್ಲ" ಅಂದಿರಲ್ಲ, ಯಾರಿಗೆ ಏನೂ ಇಲ್ಲ?

ನಾನು ಹೋದ ಕ್ಯಾಂಪಲ್ಲೂ ಮಧ್ಯಾಹ್ನ ಬಿಡುವಿತ್ತು. ಗಂಡಸರು ಮರದ ಕೆಳಗೆ, ಹುಡುಗರು ಹೊಳೆಯಲ್ಲಿ. ನಾವು ಒಂದಷ್ಟು ಜನ ಪಾತ್ರೆ ಮುಂದೆ. ತಿಂಡಿ ಪಾತ್ರೆ ತೊಳೆದು ಮುಗಿಸೋ ಹೊತ್ತಿಗೆ ಮಧ್ಯಾಹ್ನದ ಅಡುಗೆ, ಅದು ಮುಗಿದರೆ ಸಂಜೆಗೆ ಹೆಚ್ಚಿ ಇಡೋದು. ನಿಜ ಹೇಳಲಾ? ನಾನು ಬೈಬಲ್ ಸ್ಟಡಿಗಾಗಿ ಕಾಯ್ತಿದ್ದೆ, ಕೂತುಕೊಳ್ಳೋಕೆ ಸಿಗೋದು ಅದೊಂದೇ ಹೊತ್ತು ಅಂತ. ಟೀಚರ್ ಅಕ್ಕ, ನಿಮ್ಮ ಕಮಿಟಿಯವರ ಆರೇಳು ಕೂಟ ತೆಗೆದು ಹಾಕೋ ಮುಂಚೆ ಇದನ್ನು ಯೋಚನೆ ಮಾಡಿ. ಕೂಟ ಕಡಿಮೆ ಮಾಡಿ ಅಡುಗೆ ಹಾಗೇ ಬಿಟ್ಟರೆ ಉಲ್ಲಾಸ ಅರ್ಧ ಸಭೆಗೆ ಮಾತ್ರ.

ಮುಂದಿನ ಸಲ ನಾವು ಮಾಡಿದ್ದು ಹೀಗೆ. ಹೊರಡೋ ಮುಂಚೆಯೇ ಎಲ್ಲರ ಹೆಸರೂ ಇರುವ ಪಟ್ಟಿ. ಪ್ರತಿ ಹೊತ್ತಿಗೆ ಆರು ಜನ, ಮೂವರು ಗಂಡಸರು, ಮೂವರು ಹೆಂಗಸರು. ಹನ್ನೆರಡು ವರ್ಷ ದಾಟಿದ ಮಕ್ಕಳೂ ಲೆಕ್ಕಕ್ಕೆ. ಅಡುಗೆ ಮಾಡಿದವರು ಪಾತ್ರೆ ಮುಟ್ಟೋ ಹಾಗಿಲ್ಲ. ಪಾಸ್ಟರಿಗೆ ಶನಿವಾರ ರಾತ್ರಿಯ ಪಾತ್ರೆ ಬಂದಿತ್ತು. "ಅಯ್ಯೋ ಅವರಿಗಾ?" ಅಂತ ಒಬ್ಬರು ಅಜ್ಜಿ ಎದ್ದು ಬಂದರು, ಪಾಸ್ಟರೇ ಅವರನ್ನು ಕೂರಿಸಿದರು. ಪ್ರತಿಯೊಬ್ಬರೂ ತಟ್ಟೆ, ಲೋಟ, ಚಮಚ ತಾವೇ ತಂದು ತಾವೇ ತೊಳೆಯೋದು ಅಂತ ಮಾಡಿದ್ದರಿಂದ ಅರ್ಧ ಕೆಲಸ ಅಲ್ಲೇ ಹೋಯ್ತು. ಶನಿವಾರ ಮಧ್ಯಾಹ್ನ ಒಲೆಯೇ ಹಚ್ಚಲಿಲ್ಲ, ಬೆಳಿಗ್ಗೆ ಮಾಡಿಟ್ಟಿದ್ದೇ. ಕ್ಯಾಂಪಲ್ಲಿ ನಾಲ್ಕು ಬಗೆ ಮಾಡಿ ಬಡಿಸಬೇಕು ಅನ್ನೋ ಹಠ ಬಿಡಿ. ಒಂದೇ ಪಾತ್ರೆಯಲ್ಲಿ ಆಗೋದನ್ನು ಮಾಡಿ, ಹಸಿದ ಹೊಟ್ಟೆಗೆ ರುಚಿ ತಾನಾಗಿ ಬರುತ್ತೆ.

ಆ ಮಧ್ಯಾಹ್ನ ನಾನು ಹೊಳೆಯಲ್ಲಿ ಕಾಲಿಟ್ಟುಕೊಂಡು ಒಂದು ಬಂಡೆ ಮೇಲೆ ಕೂತಿದ್ದೆ. ಅವಳಿಗಳನ್ನು ಯಾರೋ ಎತ್ತಿಕೊಂಡು ಹೋಗಿದ್ದರು. ಯಾರು ಅಂತ ಕೂಡ ಗೊತ್ತಿರಲಿಲ್ಲ, ಆದರೂ ಗಾಬರಿ ಆಗಲಿಲ್ಲ. ಮಕ್ಕಳು ಹುಟ್ಟಿದ ಮೇಲೆ ಅಂಥದ್ದೊಂದು ಹೊತ್ತು ಸಿಕ್ಕಿರಲಿಲ್ಲ. ಏನೂ ಪ್ರಾರ್ಥನೆ ಮಾಡಲಿಲ್ಲ. ಕಾಲು ತಣ್ಣಗಾಗಿತ್ತು, ಅಷ್ಟೇ.

ಮಕ್ಕಳ ವಿಷಯದಲ್ಲಿ ಎರಡು ಮಾತು. ಹೊಳೆ ಹತ್ತಿರ "ಎಲ್ಲರೂ ನೋಡ್ಕೊಳ್ತಾರೆ" ಅಂದರೆ ಯಾರೂ ನೋಡ್ಕೊಳ್ಳಲ್ಲ. ಅರ್ಧ ಗಂಟೆಗೊಬ್ಬರಂತೆ ಹೆಸರು ಹಚ್ಚಿ, ಆ ಅರ್ಧ ಗಂಟೆ ಅವರ ಕೈಯಲ್ಲಿ ಫೋನೂ ಇರಬಾರದು, ಪುಸ್ತಕವೂ ಇರಬಾರದು. ಮುಳುಗೋ ಮಗು ಕೂಗಿಕೊಳ್ಳಲ್ಲ, ಸದ್ದಿಲ್ಲದೆ ಮುಳುಗುತ್ತೆ. ಇನ್ನೊಂದು, ಪ್ರತಿ ಮಗುವಿನ ಕೊರಳಿಗೆ ಒಂದು ಸೀಟಿ ಕಟ್ಟಿ. ದಾರಿ ತಪ್ಪಿದರೆ ನಿಂತಲ್ಲೇ ನಿಂತು ಮೂರು ಸಲ ಊದಬೇಕು ಅಂತ ಹೇಳಿಕೊಡಿ. ಮೊದಲ ಒಂದು ಗಂಟೆ ಎಲ್ಲರೂ ಊದಿ ಊದಿ ತಲೆ ತಿಂತಾರೆ, ಆಮೇಲೆ ಸರಿ ಹೋಗುತ್ತೆ.

ಹಳೇ ಪಾಸ್ಟರ್:

ಟೀಚರಮ್ಮನವರಿಗೆ ವಂದನೆ. ನಾನು ನಿವೃತ್ತ ಸಭಾಪಾಲಕ. ನಿಮ್ಮ ಕಮಿಟಿಯ ಪರವಾಗಿ ಒಬ್ಬರಾದರೂ ಮಾತಾಡಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಗೂಟದ ಸಹೋದರರು ಎಲೀಯನನ್ನು ಕರೆತಂದರು. ಮಾರ್ಕನ ಸುವಾರ್ತೆಯ 6ನೇ ಅಧ್ಯಾಯವನ್ನೂ ನೋಡೋಣ. ಜನ ಬಂದು ಹೋಗುವ ಗಲಾಟೆಯಲ್ಲಿ ಊಟಕ್ಕೂ ಬಿಡುವಿಲ್ಲದ ಶಿಷ್ಯರನ್ನು ಯೇಸು ಏಕಾಂತ ಜಾಗಕ್ಕೆ ಕರೆಯುತ್ತಾನೆ, ಸ್ವಲ್ಪ ದಣಿವಾರಿಸಿಕೊಳ್ಳಿ ಎನ್ನುತ್ತಾನೆ. ಕ್ಯಾಂಪ್ ಪೋಸ್ಟರುಗಳು ಅಲ್ಲಿಗೇ ನಿಲ್ಲುತ್ತವೆ. ಮುಂದೆ ಓದಿದರೆ, ಇವರ ದೋಣಿ ದಡ ಸೇರುವ ಮುಂಚೆಯೇ ಜನ ಕಾಲುನಡಿಗೆಯಲ್ಲಿ ಓಡಿ ಬಂದು ಅಲ್ಲಿ ಸೇರಿರುತ್ತಾರೆ. ಆತ ಅವರನ್ನು ಬೈದು ಕಳಿಸಲಿಲ್ಲ, ಕನಿಕರಪಟ್ಟು ಬೋಧಿಸಿದ, ಸಂಜೆ ಊಟವನ್ನೂ ಹಾಕಿದ. ಯೋಜಿಸಿದ ವಿಶ್ರಾಂತಿ ಕೈತಪ್ಪಿತು. ಹಾಗಾಗಿ ಬಿಡುವನ್ನೇ ಹೊಸ ಕಟ್ಟಳೆ ಮಾಡಬೇಡಿ. ಅಲ್ಲದೆ ಬಯಲಲ್ಲಿ ಸೇರುವುದೂ ದಿನವಿಡೀ ಉಪದೇಶ ಕೇಳುವುದೂ ಒಟ್ಟಿಗೇ ಬೆಳೆದು ಬಂದ ರೂಢಿ. 1801ರ ಆಗಸ್ಟಿನಲ್ಲಿ ಅಮೆರಿಕದ ಕೆಂಟಕಿಯ ಕೇನ್ ರಿಡ್ಜ್ ಎಂಬಲ್ಲಿ ಸಾವಿರಾರು ಜನ ಬಂಡಿ ಕಟ್ಟಿಕೊಂಡು ಬಂದು ಬಯಲಲ್ಲೇ ತಂಗಿದ್ದರು, ಒಂದೇ ಹೊತ್ತಿಗೆ ಬೇರೆ ಬೇರೆ ಕಡೆ ಬೋಧಕರು ಮಾತಾಡುತ್ತಿದ್ದರು. ಅವರೂ ಉಲ್ಲಾಸಗೊಂಡೇ ಹೋದರು.

ಆದರೆ ನನ್ನ ನಿಜವಾದ ಕಾಳಜಿ ಬೇರೆ. ಖಾಲಿ ಹೊತ್ತು ಸ್ನೇಹಿತರಿದ್ದವರಿಗೆ ಹಬ್ಬ. ಸಭೆಯಲ್ಲಿ ಯಾರೂ ಗುರುತಿಲ್ಲದವರಿಗೆ, ಈಚೆಗೆ ಗಂಡನನ್ನು ಕಳೆದುಕೊಂಡ ತಾಯಿಗೆ, ಹೊಸದಾಗಿ ಬಂದ ಹುಡುಗನಿಗೆ ಐದು ಗಂಟೆ ಖಾಲಿ ಎಂದರೆ ಐದು ಗಂಟೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಲ್ಲುವುದು. ಅವರು ಟೆಂಟ್ ಒಳಗೆ ಹೋಗಿ ಚೀಲ ಜೋಡಿಸುತ್ತಾ ಕೂರುತ್ತಾರೆ. ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಾರೆ. ನಾನು ಕಂಡಿದ್ದೇನೆ. ಕಾರ್ಯಕ್ರಮ ಅವರಿಗೆ ಒಂದು ಆಸರೆ, ಕೂರಲು ಜಾಗ ತೋರಿಸುತ್ತದೆ.

ಕೂಟ ಎರಡೇ ಇರಲಿ, ಒಪ್ಪಿದೆ. ಆದರೆ ಬಿಡುವಿನ ಹೊತ್ತಿನಲ್ಲಿ ಸೇರಬಹುದಾದ, ಸೇರಲೇಬೇಕೆಂದಿಲ್ಲದ ಎರಡು ಮೂರು ಸಣ್ಣ ಕೆಲಸಗಳಿರಲಿ. ಒಬ್ಬರು ನಡಿಗೆಗೆ ಹೊರಡಲಿ, ಒಬ್ಬರು ಹಾಡು ಕಲಿಸಲಿ, ಒಬ್ಬರು ಹಕ್ಕಿ ನೋಡಲು ಕರೆದೊಯ್ಯಲಿ. ಇಬ್ಬರು ಮೂವರಿಗೆ ಗುಟ್ಟಾಗಿ ಒಂದು ಕೆಲಸ ಒಪ್ಪಿಸಿ: ಒಂಟಿ ಕಂಡವರ ಪಕ್ಕ ಹೋಗಿ ಕೂರುವುದು.

ಸಭೆಗೆ ಬಾರದ ಆ ಯಜಮಾನರ ಬಗ್ಗೆ: ಅವರಿಗೆ ಸಾಕ್ಷಿ ಹೇಳಬೇಡಿ, ಸುತ್ತಿಗೆ ಕೊಡಿ. ಶುಕ್ರವಾರ ಟೆಂಟ್ ಹಾಕುವಾಗ ಅವರ ಸಹಾಯ ಕೇಳಿ. ಕೂಟಕ್ಕೆ ಬಂದರೂ ಸರಿ, ಬಾರದಿದ್ದರೂ ಸರಿ ಎಂದು ಮುಂಚೆಯೇ ಹೇಳಿ. ಬೆಂಕಿ ಸುತ್ತ ಸಾಕ್ಷಿ ಹೇಳಿಸುವಾಗ ವೃತ್ತದಲ್ಲಿ ಒಬ್ಬೊಬ್ಬರಂತೆ ಸರದಿ ಬರಿಸುವ ಪದ್ಧತಿ ಬೇಡವೇ ಬೇಡ. ತಮ್ಮ ಸರದಿ ಬರುತ್ತಿದೆ ಎಂದು ಬೆವರುತ್ತಾ ಕೂತವರಿಗೆ ಪಕ್ಕದವರ ಮಾತು ಒಂದಕ್ಷರ ಕೇಳಿಸುವುದಿಲ್ಲ.

ಗೂಟ ಬಡಿಯೋನು:

ಪಾಸ್ಟರಯ್ಯ, ಚೀಲ ಮತ್ತೆ ಮತ್ತೆ ಜೋಡಿಸೋರ ಮಾತು ಒಪ್ಪಿದೆ. ಗಂಡಸರಲ್ಲಿ ಅಂಥವರು ನನ್ನ ಹತ್ತಿರ ಬಂದು "ಏನಾದರೂ ಕೆಲಸ ಇದೆಯಾ" ಅಂತ ಕೇಳ್ತಾರೆ. ಕೆಲಸ ಇಲ್ಲದಿದ್ದರೂ ಒಂದು ಹಗ್ಗ ಬಿಚ್ಚಿ ಕೊಡ್ತೀನಿ, ಮತ್ತೆ ಕಟ್ಟಲಿ ಅಂತ. ಹೆಂಗಸರಲ್ಲಿ ಯಾರು ಹೀಗೆ ಅಂತ ನನಗೆ ಕಾಣೋದಿಲ್ಲ, ಅದಕ್ಕೆ ನೀವು ಹೇಳಿದ ಗುಟ್ಟಿನ ಕೆಲಸ ಬೇಕೇ ಬೇಕು.

ಕೇನ್ ರಿಡ್ಜ್ ಮಾತ್ರ ಒಪ್ಪಲ್ಲ. ನೀವು 1801 ಅಂದರೆ ನಾನು 1880 ಅಂತೀನಿ. ಜಾರ್ಜ್ ಹಿಂಕ್ಲಿ ಅನ್ನೋ ಅಮೆರಿಕದ ಪಾಸ್ಟರು ತಮ್ಮ ಸಭೆಯ ಏಳು ಹುಡುಗರನ್ನು ಕರೆದುಕೊಂಡು ಒಂದು ದ್ವೀಪಕ್ಕೆ ಕ್ಯಾಂಪಿಗೆ ಹೋದರು. ಸಭೆ ಕ್ಯಾಂಪ್‌ಗಳ ಶುರುವಾತು ಅಂತ ಅಲ್ಲಿಂದ ಎಣಿಸ್ತಾರೆ. ಏಳೇ ಹುಡುಗರು. ಸಾವಿರಾರು ಜನರ ಕಥೆಗಿಂತ ಟೀಚರಮ್ಮನ ಮೂವತ್ತೈದಕ್ಕೆ ಇದೇ ಹತ್ತಿರ.

ಅವಳಿಗಳ ಅಮ್ಮನಿಗೆ ಉತ್ತರ ಇಲ್ಲ, ನೀವು ಹೇಳಿದ್ದೇ ಸರಿ. ಅಡುಗೆ ಪಟ್ಟಿ ಆಗೋ ತನಕ ಬೇರೆ ಯಾವ ಪಟ್ಟಿಯೂ ಬರೆಯಬಾರದು.

ಸಂಡೇಸ್ಕೂಲ್ ಟೀಚರ್:

ಎಲ್ಲರಿಗೂ ತುಂಬಾ ವಂದನೆಗಳು. ನಿನ್ನೆ ಕಮಿಟಿ ಮುಂದೆ ಎಲೀಯನನ್ನು ಇಟ್ಟೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಖಜಾಂಚಿ ಅಂಕಲ್ "ಹಾಗಾದರೆ ರೊಟ್ಟಿ ಯಾರು ಮಾಡ್ತಾರೆ?" ಅಂದರು. ಅಲ್ಲೇ ಅಡುಗೆ ಪಟ್ಟಿ ತೆಗೆದು ಅವರ ಹೆಸರನ್ನೇ ಮೊದಲು ಬರೆದೆ.

ಈಗ ನಿಂತಿರೋದು ಹೀಗೆ: ಗಂಟೆ ಇಲ್ಲ. ಬೆಳಿಗ್ಗೆ ಒಂದು ಕೂಟ, ರಾತ್ರಿ ಬೆಂಕಿ ಸುತ್ತ ಒಂದು, ಸರದಿ ಇಲ್ಲ. ಭಾನುವಾರ ಆರಾಧನೆ ಹೊಳೆ ಪಕ್ಕ. ಶನಿವಾರ ಮಧ್ಯಾಹ್ನ ಖಾಲಿ, ಬೇಕಾದವರಿಗೆ ನಡಿಗೆ, ಹಾಡು. ಒಬ್ಬರು ಮಾತ್ರ "ಇದೇನು ಪಿಕ್ನಿಕ್ಕಾ" ಅಂದರು. ಅವರಿಗೆ ಕ್ವಿಜ್ ಮಾಡಿಸೋ ಆಸೆ ಇತ್ತು ಅಂತ ಆಮೇಲೆ ಗೊತ್ತಾಯ್ತು. ಭಾನುವಾರ ವಾಪಸ್ ಬರೋ ಬಸ್ಸಲ್ಲಿ ಮಾಡಿ ಅಂದಿದ್ದೀನಿ.

ಹುಡುಗರ ಫೋನ್ ಮತ್ತು ಮಳೆ, ಈ ಎರಡಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಮಳೆಗಿಂತ ನನಗೆ ಗುಡುಗು ಸಿಡಿಲಿನ ಭಯ ಜಾಸ್ತಿ.

ಗೊರಕೆ ರಾಜ:

ಫೋನ್ ಕಿತ್ತುಕೊಳ್ಳೋಕೆ ಹೋಗಬೇಡಿ, ಕರೆಂಟ್ ಇಲ್ಲ ಅಂದಿರಲ್ಲ. ಶನಿವಾರ ಮಧ್ಯಾಹ್ನಕ್ಕೆ ತಾವಾಗೇ ಸಾಯ್ತಾವೆ. ಪವರ್‌ಬ್ಯಾಂಕ್ ಮಾತ್ರ ದೊಡ್ಡವರ ಹತ್ತಿರ ಇರಲಿ. ಇಬ್ಬರು ಮೂವರ ಫೋನು ಆರಿಸಿ ಒಂದು ಡಬ್ಬಿಯಲ್ಲಿ ತುರ್ತಿಗೆ ಇಟ್ಟಿರಬೇಕು. ಆ ಜಾಗದಲ್ಲಿ ಸಿಗ್ನಲ್ ಎಲ್ಲಿ ಸಿಗುತ್ತೆ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಅನ್ನೋದನ್ನು ಮುಂಚೆಯೇ ಹೋಗಿ ನೋಡಿಕೊಂಡು ಬನ್ನಿ.

ಆಮೇಲೆ ರಾತ್ರಿ ಹುಡುಗರನ್ನು ಬೆಂಕಿಯಿಂದ ದೂರ ಬಯಲಿಗೆ ಕರೆದುಕೊಂಡು ಹೋಗಿ, ಟಾರ್ಚ್ ಆರಿಸಿ ಇಪ್ಪತ್ತು ಮೂವತ್ತು ನಿಮಿಷ ಕೂರಿಸಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ ಅಷ್ಟು ಹೊತ್ತು ಬೇಕು. ಆಗ ಕಾಣುತ್ತೆ ನೋಡಿ ನಕ್ಷತ್ರ. ನಡುವೆ ಒಬ್ಬ ಫೋನ್ ತೆಗೆದ ಅಂದರೆ ಪಕ್ಕದವರೆಲ್ಲ ಮತ್ತೆ ಮೊದಲಿಂದ ಶುರು ಮಾಡಬೇಕು. ಹಾಗಾಗಿ ಅವರವರೇ ಒಬ್ಬರಿಗೊಬ್ಬರು "ಆರಿಸೋ" ಅಂತ ಬೈದುಕೊಳ್ತಾರೆ, ನಿಮ್ಮ ಕೆಲಸ ಕಡಿಮೆ.

ಗೂಟ ಬಡಿಯೋನು:

ಸಿಡಿಲಿನ ಭಯ ಇರಬೇಕಾದ್ದೇ. ಟೆಂಟ್ ಮಳೆಗೆ ಮರೆ, ಸಿಡಿಲಿಗೆ ಅಲ್ಲ. ಒಂಟಿ ಮರದ ಕೆಳಗೂ ಬೇಡ. ಮಿಂಚು ಕಂಡ ಕೂಡಲೇ ಸೆಕೆಂಡಿಗೊಂದರಂತೆ ಎಣಿಸೋಕೆ ಶುರು ಮಾಡಿ. 30 ಎಣಿಸೋದರೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ ಅಂತ ಲೆಕ್ಕ. ಎಲ್ಲರೂ ಗಟ್ಟಿ ಕಟ್ಟಡಕ್ಕೋ, ಮುಚ್ಚಿದ ಬಸ್ಸು ಕಾರಿಗೋ ಹೋಗಬೇಕು. ಹೊಳೆಯಲ್ಲಿದ್ದವರು ಎಲ್ಲರಿಗಿಂತ ಮೊದಲು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗೋ ತನಕ ಹೊರಗೆ ಬರೋ ಹಾಗಿಲ್ಲ, ಉಪದೇಶ ಅರ್ಧಕ್ಕೆ ನಿಂತಿದ್ದರೂ ಸರಿ. ಅದಕ್ಕೆ ಬಸ್ಸು ನಿಮ್ಮನ್ನು ಇಳಿಸಿ ಹೋಗಬಾರದು, ಎರಡು ರಾತ್ರಿಯೂ ಅಲ್ಲೇ ನಿಂತಿರಲಿ ಅಂತ ಡ್ರೈವರ್ ಹತ್ತಿರ ಈಗಲೇ ಮಾತಾಡಿಕೊಳ್ಳಿ.

ಬರೀ ಮಳೆಯಾದರೆ ಯೋಚನೆ ಬೇಡ. ಎಲ್ಲರೂ ಕೂರುವಷ್ಟು ದೊಡ್ಡ ಟಾರ್ಪಾಲು ಒಂದು, ಒಂದು ಬದಿ ತಗ್ಗಿಸಿ ಕಟ್ಟಬೇಕು, ಇಲ್ಲದಿದ್ದರೆ ನಡುವೆ ನೀರು ತುಂಬಿ ಕೆರೆ ಆಗುತ್ತೆ. ಒಬ್ಬೊಬ್ಬರಿಗೂ ಒಂದು ಜೊತೆ ಒಣ ಬಟ್ಟೆ, ಒಂದು ಜೊತೆ ಸಾಕ್ಸ್ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಬೇರೆ ಇಡೋಕೆ ಹೇಳಿ. ಅದು ರಾತ್ರಿ ಮಲಗೋಕೆ ಮಾತ್ರ, ಹಗಲು ಎಷ್ಟೇ ನೆನೆದರೂ ಮುಟ್ಟೋ ಹಾಗಿಲ್ಲ. ಬೆಂಕಿ ಆರಿಸುವಾಗ ನೀರು ಸುರಿದು, ಕೋಲಲ್ಲಿ ಕೆದಕಿ, ಮತ್ತೆ ಸುರಿದು, ಅಂಗೈ ಹಿಂಬದಿ ಹತ್ತಿರ ಹಿಡಿದು ನೋಡಿ. ಶಾಖ ಇದ್ದರೆ ಇನ್ನೊಂದು ಬಕೆಟ್.

ಮೂವತ್ತೈದು ಜನಕ್ಕೆ ಎರಡು ಪಾಯಿಖಾನೆ ಸಾಲದು. ಒಂದು ಹೆಂಗಸರಿಗೆ, ಒಂದು ಗಂಡಸರಿಗೆ ಅಂತ ಸಮ ಮಾಡೋಕೆ ಹೋಗಬೇಡಿ, ಬೆಳಿಗ್ಗೆ ಎರಡನ್ನೂ ಹೆಂಗಸರಿಗೂ ಮಕ್ಕಳಿಗೂ ಬಿಡಿ. ಗಂಡಸರು ಗುದ್ದಲಿ ತಗೊಂಡು ಹೋಗಲಿ. ಹೊಳೆಯಿಂದ 60 ಮೀಟರ್ ದೂರ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ, ಮುಗಿದ ಮೇಲೆ ಮಣ್ಣು ಮುಚ್ಚಬೇಕು. ಜಾಗದವರು ಒಪ್ಪದಿದ್ದರೆ ಬಾಡಿಗೆ ಪಾಯಿಖಾನೆ ತರಿಸಿ, ಅದಕ್ಕೆ ಹಣ ಉಳಿಸೋಕೆ ನೋಡಬೇಡಿ. ಜನರೇಟರ್ ಬಾಡಿಗೆ ಹೇಗೂ ಉಳಿದಿದೆಯಲ್ಲ.

ಸಂಡೇಸ್ಕೂಲ್ ಟೀಚರ್:

ಬಸ್ ಡ್ರೈವರ್ ಒಪ್ಪಿದ್ದಾರೆ. ಅವರೂ ಊಟಕ್ಕೆ ಇರ್ತಾರೆ ಅಂತ ಮೂವತ್ತಾರು ಮಾಡಿದೆ. ಗೊರಕೆ ಟೆಂಟಿಗೆ ಇದುವರೆಗೆ ನಾಲ್ಕು ಜನ ಹೆಸರು ಕೊಟ್ಟಿದ್ದಾರೆ, ಐದನೆಯವರ ಹೆಸರನ್ನು ಅವರ ಹೆಂಡತಿ ಕೊಟ್ಟಿದ್ದಾರೆ. ಅಣ್ಣಾ, ಗೂಟ ಟೆಂಟಿನ ಜೊತೆ ಬಂದದ್ದೇ ಸಾಕಾ, ಬೇರೆ ತಗೋಬೇಕಾ?

ಗೂಟ ಬಡಿಯೋನು:

ಜೊತೆಗೆ ಬರೋವು ತೆಳ್ಳಗಿನ ತಂತಿ, ಗಟ್ಟಿ ನೆಲಕ್ಕೆ ಬಡಿದರೆ ಸೊಟ್ಟಗಾಗ್ತವೆ. ಪ್ರತಿ ಟೆಂಟಿಗೆ ನಾಲ್ಕು ದಪ್ಪ ಗೂಟ ಹೆಚ್ಚಿಗೆ ಇಟ್ಟುಕೊಳ್ಳಿ, ಸುತ್ತಿಗೆ ಎರಡು. ಹಗ್ಗ ಕಟ್ಟೋ ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು. ಹಗ್ಗಗಳಿಗೆ ಬಿಳಿ ಬಟ್ಟೆ ಚೂರು ಕಟ್ಟಿ, ರಾತ್ರಿ ಪಾಯಿಖಾನೆಗೆ ಹೋಗೋರು ಎಡವಿ ಬೀಳೋದು ಅವುಗಳ ಮೇಲೇ. ಒಂದು ಸುತ್ತಿಗೆ ಆ ಯಜಮಾನರಿಗೆ ಅಂತ ಬೇರೆ ಇಡಿ.